ಎಕ್ಸ್‌ಪಿಯಿಂದ ಹೊಸ ಕಂಪ್ಯೂಟರಿಗೆ ಒಂದು ಕೇಬಲ್

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ನಮ್ಮ ಕಾಕಾ ಅವರ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸಿ ಮುದ್ರಿಸುವ) ಅಂಗಡಿಯಿದೆ. ಅಲ್ಲಿನ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿ ಎಷ್ಟೋ ವರ್ಷಗಳ ಲಗ್ನಪತ್ರಿಕೆಗಳು ಹಾಗೂ ಜಾತ್ರೆಯ ಕರಪತ್ರಗಳು ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶದ ಫೈಲುಗಳಾಗಿ ಉಳಿದಿವೆ. ಹೊಸ ಪ್ರಿಂಟರಿಗೆ ಎಕ್ಸ್‌ಪಿಯ ಡ್ರೈವರ್ ಇಲ್ಲದ ಕಾರಣ, ಅಲ್ಲಿ ತಿದ್ದಿದ್ದನ್ನು ವಿಂಡೋಸ್ 10ರ ಕಂಪ್ಯೂಟರಿನಿಂದಲೇ ಮುದ್ರಿಸಬೇಕು. ಗಿರಾಕಿಗಳ ಪೆನ್‌ಡ್ರೈವ್‌ಗಳಿಂದ ವೈರಸ್ ಹತ್ತಿಸಿಕೊಂಡು ಸೋತಿದ್ದ ಕಾಕಾ, ಆ ದಾರಿಯೇ ಬೇಡವೆಂದಿದ್ದರು.

ಎರಡಕ್ಕೂ ನೇರವಾಗಿ ಒಂದೇ ಕೇಬಲ್ ಹಾಕಿ, 192.168.1.1 ಮತ್ತು 192.168.1.2 ಎಂಬ ವಿಳಾಸಗಳನ್ನು ಕೊಟ್ಟೆ. ಸಂಪರ್ಕ ಪರೀಕ್ಷಿಸುವ ಪಿಂಗ್ ಹೋಯಿತು, ಆದರೆ ಹೊಸದರಲ್ಲಿ ಹಂಚಿಕೊಂಡ ಫೋಲ್ಡರನ್ನು ಎಕ್ಸ್‌ಪಿಯಿಂದ ತೆರೆಯಲು ಹೋದರೆ, ಆ ನೆಟ್‌ವರ್ಕ್ ಹೆಸರು ಈಗ ಲಭ್ಯವಿಲ್ಲವೆಂಬ ಸಂದೇಶ ಬಂತು. "ದೀಪ ಮಿಣಮಿಣ ಅಂತದ, ಫೈಲ್ ಯಾಕ ಹೋಗವಲ್ದು?" ಎಂದರು ಕಾಕಾ.

ವಿಂಡೋಸ್ ಕಂಪ್ಯೂಟರುಗಳು ಫೋಲ್ಡರ್ ಹಂಚಿಕೊಳ್ಳುವುದು ಎಸ್‌ಎಂಬಿ ಎಂಬ ವಿಧಾನದಲ್ಲಿ; ಎಕ್ಸ್‌ಪಿಗೆ ಬರುವುದು ಅದರ ಮೊದಲ ಆವೃತ್ತಿ ಮಾತ್ರ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಕುತಂತ್ರಾಂಶ ಹರಡಿದ್ದು ಇದೇ ಆವೃತ್ತಿಯ ದೋಷವನ್ನು ಬಳಸಿಕೊಂಡು. ಅದೇ ವರ್ಷದ ಕೊನೆಯ ಭಾಗದಿಂದ, ಹೊಸದಾಗಿ ಸ್ಥಾಪಿಸಿದ ವಿಂಡೋಸ್ 10ರಲ್ಲಿ ಆ ಆವೃತ್ತಿಯ ಸರ್ವರ್ ಭಾಗ, ಅಂದರೆ ಫೋಲ್ಡರನ್ನು ಬೇರೆ ಕಂಪ್ಯೂಟರಿಗೆ ತೆರೆದುಕೊಡುವ ಭಾಗ, ತಾನಾಗಿ ಬರುವುದಿಲ್ಲ. ಅದನ್ನು ಮತ್ತೆ ಚಾಲೂ ಮಾಡಲು ಎರಡು ನಿಮಿಷ ಸಾಕು. ಆದರೆ ದಿನವಿಡೀ ಇಂಟರ್ನೆಟ್ಟಿನಲ್ಲಿರುವ ಯಂತ್ರದಲ್ಲಿ, ಹಳೆಯದರ ಅನುಕೂಲಕ್ಕಾಗಿ ಆ ಬಾಗಿಲು ತೆರೆಯುವುದು ನನಗೆ ಸರಿಕಾಣಲಿಲ್ಲ.

ಹೀಗಾಗಿ ಹೊಸ ಕಂಪ್ಯೂಟರಿನಲ್ಲಿ ಒಂದು ಎಫ್‌ಟಿಪಿ (ಫೈಲ್ ಸಾಗಿಸುವ ಹಳೆಯ ವಿಧಾನ) ಸರ್ವರ್ ಹಾಕಿ, ಆ ಕೇಬಲ್ಲಿಗಷ್ಟೇ ಎಫ್‌ಟಿಪಿಯ ಪ್ರವೇಶದ್ವಾರವಾದ 21ನೇ ಪೋರ್ಟ್ ತೆರೆದೆ. ಎಕ್ಸ್‌ಪಿಯ ಕಪ್ಪು ಕಮಾಂಡ್ ಕಿಟಕಿಯಲ್ಲಿ ಎಫ್‌ಟಿಪಿ ಮೊದಲಿನಿಂದಲೂ ಇದೆ. ಲಾಗಿನ್ ಆಯಿತು, ಆದರೆ ಫೈಲುಗಳ ಪಟ್ಟಿ ಬಾರದೆ ಕಿಟಕಿ ಸುಮ್ಮನೆ ನಿಂತಿತು. ಎಕ್ಸ್‌ಪಿಯ ಈ ಹಳೆಯ ಎಫ್‌ಟಿಪಿ ಪ್ರೋಗ್ರಾಮಿಗೆ, ದತ್ತಾಂಶದ ಸಂಪರ್ಕವನ್ನೂ ತಾನೇ ತೆರೆಯುವ ಪ್ಯಾಸಿವ್ ವಿಧಾನ ತಿಳಿಯದು; ಹಾಗಾಗಿ ಆ ಸಂಪರ್ಕವನ್ನು ಸರ್ವರೇ ತಿರುಗಿ ತೆರೆಯಬೇಕು, ಅದನ್ನು ಎಕ್ಸ್‌ಪಿಯ ಫೈರ್‌ವಾಲ್ (ಹೊರಗಿನ ಸಂಪರ್ಕ ತಡೆಯುವ ಕಾವಲು) ತಡೆಯುತ್ತಿತ್ತು. ಅಲ್ಲಿ ಅನುಮತಿ ಕೊಟ್ಟ ಮೇಲೆ, ಫೈಲ್ ಇದ್ದ ಹಾಗೇ ಹೋಗಲು ಮೊದಲು 'ಬೈನರಿ', ಆಮೇಲೆ ಅದನ್ನು ಕಳಿಸಲು 'ಪುಟ್' ಎಂದು ಟೈಪ್ ಮಾಡುವುದನ್ನು ಕಾಕಾ ಅವರಿಗೆ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದೆ. ಎಫ್‌ಟಿಪಿ ಗುಪ್ತಪದವನ್ನು ಬಚ್ಚಿಡದೆ ಕಳಿಸುತ್ತದೆ, ನಿಜ. ಕೇಬಲ್ ಮೇಜಿನಿಂದ ಮೇಜಿಗಷ್ಟೇ ಇರುವುದರಿಂದ ಒಪ್ಪಿಕೊಂಡೆ.

ಮೊದಲ ಲಗ್ನಪತ್ರಿಕೆ ಬಂದಾಗ ವರನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಿತ್ತು. ಫೈಲ್ ಕೆಟ್ಟಿರಲಿಲ್ಲ; ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ತೋರಿಸುವ, ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್ ಹೊಸ ಯಂತ್ರದಲ್ಲಿರಲಿಲ್ಲ. ಆ ಫಾಂಟುಗಳನ್ನೂ ಅದೇ ಕೇಬಲ್ಲಿನಿಂದ ತಂದು ಹಾಕಿದ ಮೇಲೆ, 'ಚಿ||' ಎಂಬುದು ಚಿ|| ಆಗಿಯೇ ಕಂಡಿತು.