ಹದಿನೆಂಟೇ ಕಾರ್ಡು, ದಾಳ ಇಲ್ಲ

ನಾನು ಮಾಡುತ್ತಿದ್ದ ಆಟಕ್ಕೆ ದಾಳ ಬೇಕೇ ಬೇಕಿತ್ತು. ಆದರೆ 18 ಕಾರ್ಡು ಬಿಟ್ಟು ಬೇರೇನೂ ಇರಬಾರದು ಅಂತ ನನಗೆ ನಾನೇ ಷರತ್ತು ಹಾಕಿಕೊಂಡಿದ್ದೆ. ಕಾಯಿ ಇಲ್ಲ, ಬಿಲ್ಲೆ ಇಲ್ಲ, ಪಾಯಿಂಟ್ ಬರೆಯಲು ಚೀಟಿಯೂ ಇಲ್ಲ. 18 ಯಾಕೆ? ಎ4 ಹಾಳೆಗೆ 9 ಕಾರ್ಡು ಹಿಡಿಸುತ್ತವೆ, ಎರಡು ಹಾಳೆ ಪ್ರಿಂಟ್ ಮಾಡಿ ಕತ್ತರಿಸಿದರೆ ಆಟ ರೆಡಿ.

ಪ್ರತಿ ಕಾರ್ಡಿನ ಮೂಲೆಗೆ 1ರಿಂದ 6ರೊಳಗಿನ ಒಂದು ಅಂಕಿ ಬರೆದೆ. ಒಂದೊಂದು ಅಂಕಿ ಮೂರು ಸಲ. ಕಟ್ಟಿನ ಮೇಲಿನ ಕಾರ್ಡು ಮಗುಚಿದರೆ ದಾಳ ಎಸೆದ ಹಾಗೇ, ಅಲ್ವಾ? ಅಲ್ಲ ಅಂತ ಎರಡನೇ ಆಟದಲ್ಲೇ ಗೊತ್ತಾಯಿತು. ದಾಳಕ್ಕೆ ಹಿಂದಿನದು ನೆನಪಿರಲ್ಲ, ಕಟ್ಟಿಗೆ ಇರುತ್ತದೆ. ಆರರ ಮೂರು ಕಾರ್ಡೂ ಬಿದ್ದುಹೋದರೆ ಮತ್ತೆ ಕಲಸುವ ತನಕ ಆರು ಬರುವ ಮಾತೇ ಇಲ್ಲ, ಎದುರಿಗೆ ಕೂತಿದ್ದ ಗೆಳೆಯ ಸುಮ್ನೆ ಎಣಿಸುತ್ತಾ ಕೂತು ಕೊನೆಯ ನಾಲ್ಕು ಸರದಿ ಕಣ್ಣುಮುಚ್ಚಿ ಗೆದ್ದ.

ಇದಕ್ಕೆ ಮದ್ದು ಹಳೆಯದೇ. 2012ರಲ್ಲಿ ಬಂದ 'ಲವ್ ಲೆಟರ್' ಆಟದಲ್ಲಿ ಆಗ ಇದ್ದದ್ದೇ 16 ಕಾರ್ಡು. ಅದರಲ್ಲಿ ಪ್ರತಿ ಸುತ್ತಿನ ಶುರುವಿಗೆ ಒಂದು ಕಾರ್ಡನ್ನು ಯಾರಿಗೂ ತೋರಿಸದೆ ಪಕ್ಕಕ್ಕಿಡುತ್ತಾರೆ. ಎಣಿಸುವವನ ಲೆಕ್ಕ ಕೊನೆವರೆಗೂ ಪೂರ್ತಿ ಆಗದಿರಲು ಆ ಒಂದು ಕಾರ್ಡು ಸಾಕು! ನಾನೂ ಎರಡು ಕಾರ್ಡು ಬಚ್ಚಿಟ್ಟೆ. ಎಣಿಕೆ ನಿಲ್ಲಲಿಲ್ಲ, ಆದರೆ ಅವನ ಮುಖದಲ್ಲಿ ಅನುಮಾನ ಬಂತು. ಅಷ್ಟೇ ಬೇಕಿದ್ದದ್ದು.

ಜಾಸ್ತಿ ಕಾಡಿದ್ದು ಪಾಯಿಂಟ್. ಮೊದಲು ಪಾಯಿಂಟ್ ತೋರಿಸಲು ಕಾರ್ಡುಗಳ ಬೆನ್ನಿಗೆ ಬೇರೆ ಬೇರೆ ಗುರುತು ಹಾಕಿ ನೋಡಿದೆ. ಕೈಯಲ್ಲಿ ಹಿಡಿದ ಕಾರ್ಡು ಯಾವುದು ಅಂತ ಎದುರಿನವನಿಗೆ ಬೆನ್ನು ನೋಡಿಯೇ ಗೊತ್ತಾಗುತ್ತದೆ, ಅದನ್ನು ಯೋಚಿಸಿರಲೇ ಇಲ್ಲ. 'ಸ್ಪ್ರಾಲೊಪೊಲಿಸ್' ಅನ್ನುವ ಕಾರ್ಡು ಆಟದಲ್ಲಿ ಇದೇ ಉಪಾಯ ನಡೆಯುತ್ತದೆ. ಅಲ್ಲೂ 18 ಕಾರ್ಡು, ಮುಂದೆ ಊರು, ಹಿಂದೆ ಪಾಯಿಂಟ್ ನಿಯಮ, ಯಾವುದಾದರೂ ಮೂರನ್ನು ಮಗುಚಿಟ್ಟು ಶುರು ಮಾಡಿದರೆ 816 ಬಗೆಯ ಆಟ. ಆದರೆ ಅದು ಎಲ್ಲರೂ ಒಂದೇ ಕಡೆ ಸೇರಿ ಆಡುವ ಆಟ, ಬೆನ್ನು ಕಂಡರೆ ಯಾರಿಗೂ ನಷ್ಟವಿಲ್ಲ.

ಆಮೇಲೆ ಹೊಳೆಯಿತು. ಇಬ್ಬರಿಗೂ ಬೇರೆ ಬೇರೆ ಪಾಯಿಂಟ್ ಯಾಕೆ ಬೇಕು? ಯಾರು ಎಷ್ಟು ಮುಂದಿದ್ದಾರೆ ಅಂತ ಗೊತ್ತಾದರೆ ಸಾಲದೇ? ಒಂದು ಕಾರ್ಡಿನ ಅಂಚಿಗೆ ಅಂಕಿ ಬರೆದೆ, ನಡುವೆ ಸೊನ್ನೆ, ಎರಡು ಕಡೆಗೂ ಐದರ ತನಕ. ಮೇಲೊಂದು ಕಾರ್ಡು ಇಟ್ಟು ಆ ಕಡೆ ಈ ಕಡೆ ಜರುಗಿಸಿದರೆ ಮುಗಿಯಿತು, ಹಗ್ಗಜಗ್ಗಾಟದ ಥರ.

ಆದರೆ ಅದಕ್ಕೇ ಎರಡು ಕಾರ್ಡು ಹೋದವು. ಮೂರ್ಮೂರು ಸಲ ಅನ್ನುವ ಲೆಕ್ಕ ಕೆಟ್ಟಿತು. ಯಾವ ಎರಡನ್ನು ಬಿಡಲಿ ಅಂತ ಒಂದು ಸಂಜೆ ಪೂರ್ತಿ ತಲೆ ಕೆಡಿಸಿಕೊಂಡು, ಕೊನೆಗೆ ಒಂದು ಒಂದನ್ನೂ ಒಂದು ಆರನ್ನೂ ತೆಗೆದೆ. ಈಗ ತೀರಾ ಒಳ್ಳೆಯದು, ತೀರಾ ಕೆಟ್ಟದು ಎರಡೂ ಸ್ವಲ್ಪ ಅಪರೂಪ, ಆಟ ಮೊದಲಿಗಿಂತ ಚೆನ್ನಾಗಿಯೇ ಕೂತಿದೆ. ಗೆಳೆಯ ಮಾತ್ರ ಈಗ ಎರಡೇ ಆರು ಎಣಿಸಿದರಾಯಿತು ಅಂತ ಖುಷಿಯಾಗಿದ್ದಾನೆ.