ಮಾಸ್ಟ್ರು

ಕಳೆದ ವರ್ಷ ತೀರಿಕೊಂಡ ನಮ್ಮ ಚರ್ಚಿನ ಯೌವನಸ್ಥರ ಕೂಟದ ಹಿರಿಯ ಮುಖಂಡರನ್ನು ನಾವೆಲ್ಲ ಮಾಸ್ಟ್ರೇ ಎಂದೇ ಕರೆಯುತ್ತಿದ್ದೆವು, ವಾಸ್ತವದಲ್ಲಿ ಅವರು ಮಂಗಳೂರಿನ ಹಂಚಿನ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. 1834ರಲ್ಲಿ ಇಲ್ಲಿಗೆ ಬಂದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದನ್ನೂ, 1894ರಲ್ಲಿ ಕಿಟ್ಟೆಲರ ನಿಘಂಟು ಇದೇ ಊರಿನಲ್ಲಿ ಅಚ್ಚಾದದ್ದನ್ನೂ ನಾನು ಮೊದಲು ಕೇಳಿದ್ದು ಅವರ ಬಾಯಿಂದಲೇ.

ಶನಿವಾರದ ಗಾಯನ ಅಭ್ಯಾಸದಲ್ಲಿ ಅವರು ರಾಗಕ್ಕಿಂತ ಮಾತಿಗೆ ಹೆಚ್ಚು ಗಮನ ಕೊಡುತ್ತಿದ್ದರು. ಅರ್ಥ ಪೂರ್ಣವಾಗುವ ಮೊದಲು ಉಸಿರು ತೆಗೆದುಕೊಳ್ಳಬಾರದೆಂದು ಪ್ರತಿಯೊಬ್ಬರ ಸಂಗೀತ ಪುಸ್ತಕದಲ್ಲೂ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆಯುತ್ತಿದ್ದರು. ಗೆರೆ ದಾಟಿದವನನ್ನು ಗದರದೆ, ಆ ಸಾಲನ್ನು ಮಾತಿನಂತೆ ಓದಿಸುತ್ತಿದ್ದರು. ಕನ್ನಡವನ್ನು ಕಿವಿಗೊಟ್ಟು ಓದುವ ಅಭ್ಯಾಸ ನನಗೆ ಶಾಲೆಗಿಂತ ಹೆಚ್ಚಾಗಿ ಅಲ್ಲಿಯೇ ಬಂತೆಂದು ನನ್ನ ನಂಬಿಕೆ.

ನಾನು ಬೆಂಗಳೂರಿನ ಉದ್ಯೋಗ ಬಿಟ್ಟು ಊರಿಗೆ ಮರಳಿದಾಗ ಇಬ್ಬರೂ ಚರ್ಚಿನ ಕಾರ್ಯಕಾರಿ ಸಮಿತಿಯಲ್ಲಿದ್ದೆವು. ಹಳೆಯ ಹಾರ್ಮೋನಿಯಂ ಬದಲಿಗೆ ಕೀಬೋರ್ಡ್ ಕೊಳ್ಳುವ ಪ್ರಸ್ತಾಪ ಬಂದಾಗ ನಾನು ಅವರ ವಿರುದ್ಧ ಮತ ಹಾಕಿದೆ. ಸಭೆ ಮುಗಿದ ಮೇಲೆ ಅವರು ನನ್ನನ್ನು ಚಹಾಕ್ಕೆ ಕರೆದೊಯ್ದು, "ಇನ್ನು ಮಾಸ್ಟ್ರೇ ಅನ್ನಬೇಡ, ವಾದ ಮಾಡಲು ಕಷ್ಟವಾಗುತ್ತದೆ" ಎಂದರು. ಹಾಗೆ ಕರೆಯುವುದನ್ನು ಬಿಡಲು ನನ್ನಿಂದ ಆಗಲಿಲ್ಲ, ಆದರೆ ವಾದಗಳು ಮಾತ್ರ ಪ್ರತಿ ಭಾನುವಾರದ ಆರಾಧನೆಯ ನಂತರ ಅದೇ ಹೋಟೆಲಿನಲ್ಲಿ ನಡೆದವು, ಮತ್ತು ಬಿಲ್ಲನ್ನು ಅವರೇ ಕೊಡುತ್ತಿದ್ದರು.