ಡ್ರ್ಯಾಗ್ ಅನ್ನೋ ಸಣ್ಣ ಅಂಕಿ

ಶನಿವಾರ, 13 ಜನವರಿ 2024

ಇವತ್ತು ಪೂರ್ತಿ ನಾಕಾ 0012 ಏರ್‌ಫಾಯಿಲ್, ಅಂದರೆ ರೆಕ್ಕೆಯ ಅಡ್ಡಸೀಳಿನ ಒಂದು ಪ್ರಸಿದ್ಧ ಆಕಾರದ ಜೊತೆಗೇ ಕಳೆಯಿತು. ಗಾಳಿಯ ಹರಿವನ್ನು ಲೆಕ್ಕ ಹಾಕುವ ಓಪನ್‌ಫೋಮ್ ಸಾಫ್ಟ್‌ವೇರ್, ಟರ್ಬುಲೆನ್ಸ್ (ಗಾಳಿಯ ಕಲಕಾಟ) ಅಂದಾಜಿಸುವ ಸ್ಪಲಾರ್ಟ್-ಆಲ್ಮರಾಸ್ ಮಾಡೆಲ್, ರೆನಾಲ್ಡ್ಸ್ ಸಂಖ್ಯೆ (ವೇಗ, ಗಾತ್ರ, ಗಾಳಿಯ ಸ್ನಿಗ್ಧತೆ ಸೇರಿಸಿದ ಅಂಕಿ) 60 ಲಕ್ಷ. ನನಗೆ ಬೇಕಿದ್ದದ್ದು ಡ್ರ್ಯಾಗ್ ಗುಣಾಂಕ, ಅಂದರೆ ಗಾಳಿ ಹಿಂದಕ್ಕೆ ಎಳೆಯುವ ಬಲದ ಅಳತೆ.

ರೆಕ್ಕೆಯನ್ನು ಮೇಲೆತ್ತುವ ಬಲ, ಲಿಫ್ಟ್, ಅಷ್ಟೊಂದು ಸತಾಯಿಸುವುದಿಲ್ಲ. ಡ್ರ್ಯಾಗ್ ಹಾಗಲ್ಲ. ನಾಸಾದ ಲ್ಯಾಂಗ್ಲಿ ಕೇಂದ್ರ ಹೋಲಿಸಿ ನೋಡಲೆಂದೇ ಕೊಟ್ಟಿರುವ ಲೆಕ್ಕದಲ್ಲಿ, ಗಾಳಿ 10 ಡಿಗ್ರಿ ಕೋನದಲ್ಲಿ ಬಂದಾಗ ಲಿಫ್ಟ್ ಗುಣಾಂಕ ಸುಮಾರು 1.09, ಡ್ರ್ಯಾಗ್ ಬರೀ 0.0123. ಹತ್ತಿರಹತ್ತಿರ 90 ಪಟ್ಟು ವ್ಯತ್ಯಾಸ. ಹಾಗಾಗಿ ಬಲ ಅಳೆಯುವ ದಿಕ್ಕು ಒಂದೇ ಒಂದು ಡಿಗ್ರಿ ಆಚೀಚೆ ಆದರೂ ಲಿಫ್ಟ್‌ನಿಂದ 0.019ರಷ್ಟು ಡ್ರ್ಯಾಗ್ ಲೆಕ್ಕದೊಳಗೆ ನುಸುಳುತ್ತದೆ. ಅಸಲಿಗಿಂತ ನುಸುಳಿದ್ದೇ ಜಾಸ್ತಿ! ಡ್ರ್ಯಾಗ್ ದಿಕ್ಕನ್ನು ಗಾಳಿ ಹೋಗುವ ಕಡೆಗೇ ಕೊಡಬೇಕು, ಏರ್‌ಫಾಯಿಲ್‌ನ ಉದ್ದಕ್ಕೆ ಅಲ್ಲ. ಉದ್ದಕ್ಕೆ ಕೊಟ್ಟರೆ ಉತ್ತರ ಮೈನಸ್ 0.177 ಆಸುಪಾಸಿಗೆ ಹೋಗುತ್ತದೆ.

ಗೋಡೆ, ಅಂದರೆ ಏರ್‌ಫಾಯಿಲ್‌ನ ಮೇಲ್ಮೈ, ಹತ್ತಿರದ ಮೆಶ್ (ಲೆಕ್ಕಕ್ಕೆ ಜಾಗವನ್ನು ಹೋಳು ಮಾಡುವ ಬಲೆ) ತುಂಬಾ ತೆಳುವಾಗಿರಬೇಕು, ಮೊದಲ ಪದರದ ವೈ-ಪ್ಲಸ್ (ಗೋಡೆಯಿಂದ ದೂರದ ಒಂದು ಅಳತೆ) 1ರ ಹತ್ತಿರ. ಇಲ್ಲಿ ಜಿಪುಣತನ ಮಾಡಲೇಬಾರದು. ಸೊನ್ನೆ ಡಿಗ್ರಿಯಲ್ಲಿ ಡ್ರ್ಯಾಗ್‌ನ ಬಹುಪಾಲು ಗೋಡೆಗೆ ತಾಗಿ ಹರಿಯುವ ಗಾಳಿಯ ತೆಳು ಪದರದ ಘರ್ಷಣೆಯಿಂದಲೇ ಬರುವುದು.

ಸಂಜೆ ಸೊನ್ನೆ ಡಿಗ್ರಿಯ ಉತ್ತರ ಬಂತು. ನಾಸಾದ 0.0082ರ ಪಕ್ಕದಲ್ಲೇ ಇದೆ. ತುಂಬಾ ಖುಷಿಯಾಯಿತು. ಆದರೆ ಅಬಟ್ ಮತ್ತು ಫಾನ್ ಡೋನ್‌ಹಾಫ್ ಪ್ರಕಟಿಸಿದ ಗಾಳಿ ಸುರಂಗದ ಹಳೇ ಅಳತೆಯಲ್ಲಿ, ಇದೇ ರೆನಾಲ್ಡ್ಸ್ ಸಂಖ್ಯೆಗೆ, ನಯವಾದ ಮೇಲ್ಮೈಗೆ ಸುಮಾರು 0.006 ಇದೆ. ಎರಡೂ ಸರಿ! ನಯವಾದ ಮೇಲ್ಮೈ ಮೇಲೆ ಗಾಳಿ ಸ್ವಲ್ಪ ದೂರ ಶಾಂತವಾಗಿ, ಲ್ಯಾಮಿನಾರ್ ಆಗಿ ಹರಿಯುತ್ತದೆ, ಘರ್ಷಣೆ ಕಡಿಮೆ. ನನ್ನ ಮಾಡೆಲ್ ರೆಕ್ಕೆಯ ಮೂತಿಯಿಂದಲೇ ಹರಿವು ಟರ್ಬುಲೆಂಟ್ (ಕಲಕಿದ್ದು) ಅಂದುಕೊಂಡು ಹೊರಡುತ್ತದೆ. ಲ್ಯಾಂಗ್ಲಿಯಲ್ಲಿ ಲ್ಯಾಡ್ಸನ್ ಎಂಬ ಸಂಶೋಧಕರು ಮೂತಿಯ ಹತ್ತಿರ ಮರಳು ಕಾಗದದಂಥ ಒರಟು ಪಟ್ಟಿ ಅಂಟಿಸಿ ಅಳೆದ ಡ್ರ್ಯಾಗ್ ನನ್ನ ಉತ್ತರಕ್ಕೆ ಹೊಂದುವುದು ಅದಕ್ಕೇ.

ಹಾಗಾಗಿ ಸಾಫ್ಟ್‌ವೇರ್ ಕೊಟ್ಟ ಡ್ರ್ಯಾಗನ್ನು ಸುಮ್ನೆ ಯಾವುದೋ ಗ್ರಾಫ್ ಪಕ್ಕ ಇಟ್ಟು ಸರಿ, ತಪ್ಪು ಅನ್ನುವುದು ಅನ್ಯಾಯ ಅಲ್ವಾ? ಆ ಗ್ರಾಫ್‌ನ ರೆಕ್ಕೆ ನಯವಾಗಿತ್ತೋ, ಪಟ್ಟಿ ಅಂಟಿಸಿದ್ದರೋ ಅಂತ ಮೊದಲು ಕೇಳಬೇಕು.

ನಾಳೆ ಇದೇ ಮೆಶ್ ಮೇಲೆ ಲ್ಯಾಂಗ್ಟ್ರಿ-ಮೆಂಟರ್ ಟ್ರಾನ್ಸಿಶನ್ ಮಾಡೆಲ್ ಓಡಿಸುತ್ತೇನೆ; ಲ್ಯಾಮಿನಾರ್ ಹರಿವು ಎಲ್ಲಿ ಟರ್ಬುಲೆಂಟ್ ಆಗುತ್ತದೆ ಅಂತ ಅಂದಾಜಿಸುವ ಮಾಡೆಲ್ ಅದು. ಬರುವ ಗಾಳಿಯಲ್ಲಿ ಎಷ್ಟು ಟರ್ಬುಲೆನ್ಸ್ ಇದೆ ಅನ್ನುವುದನ್ನೂ ಅದಕ್ಕೆ ನಾನೇ ಹೇಳಬೇಕು.